ಪಂಚಾಯತ ಸದಸ್ಯರ ಎರಡು ದಿನಗಳ ಚಿಂತನ ಶಿಬಿರ: ಎಲ್ಲಿ, ಯಾವಾಗ, ಹೇಗೆ ಮಾಡೋಣ?

ಅಘನಾಶಿನಿ ದಡದವಳು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯತದ ಉಪಾಧ್ಯಕ್ಷೆ, ಮೊದಲ ಸಲ ಆರಿಸಿ ಬಂದವಳು. ನಮ್ಮಲ್ಲಿ ಹದಿನೈದು ಸದಸ್ಯರಿದ್ದಾರೆ, ಅವರಲ್ಲಿ ಎಂಟು ಮಂದಿ ಹೆಂಗಸರು. ಗ್ರಾಮ ಪಂಚಾಯತ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲವಾದರೂ ಯಾರು ಯಾವ ಕಡೆಯವರೆಂಬುದು ಊರಿಗೆಲ್ಲ ಗೊತ್ತು. ಅಧ್ಯಕ್ಷರ ಆಯ್ಕೆ ಎಂಟು-ಏಳರಲ್ಲಿ ಮುಗಿದ ದಿನದಿಂದ ಎಂಟು ಜನ ಕಿಟಕಿಯ ಬದಿಗೆ, ಏಳು ಜನ ಬಾಗಿಲ ಬದಿಗೆ ಕೂರುತ್ತಿದ್ದಾರೆ. ನನ್ನ ವಾರ್ಡಿಗೆ ಎಷ್ಟು, ನಿನ್ನ ವಾರ್ಡಿಗೆ ಎಷ್ಟು ಎಂಬ ಲೆಕ್ಕ ಬಿಟ್ಟರೆ ಬೇರೆ ಚರ್ಚೆಯೇ ಇಲ್ಲ.

ಅಧ್ಯಕ್ಷರಿಗೂ ನನಗೂ ಸಿಕ್ಕಿರುವುದು 30 ತಿಂಗಳ ಅವಧಿ. ಎಲ್ಲ ಸದಸ್ಯರನ್ನೂ ಎರಡು ದಿನ ಕಚೇರಿಯಿಂದ ಹೊರಗೆ ಒಂದೆಡೆ ಕೂರಿಸಿ, ಈ ಅವಧಿಯಲ್ಲಿ ನಾವು ಕೂಡಿ ಏನನ್ನು ಸಾಧಿಸಬೇಕೆಂದು ಮಾತಾಡಿಕೊಳ್ಳಬೇಕೆಂಬುದು ಅಧ್ಯಕ್ಷರ ಮತ್ತು ನನ್ನ ಆಸೆ. ಕೆಲವರು ಗೋಕರ್ಣದ ರೆಸಾರ್ಟ್ ಎನ್ನುತ್ತಾರೆ, ಕೆಲವರು ಶಿರಸಿ ಕಡೆಯ ಹೋಮ್‌ಸ್ಟೇ ಎನ್ನುತ್ತಾರೆ. ಇಂಥ ಶಿಬಿರ ನಡೆಸಿದವರು, ಕುಳಿತವರು ಇಲ್ಲಿದ್ದರೆ ದಯವಿಟ್ಟು ದಾರಿ ಹೇಳಿ.

ಯಲ್ಲಾಪುರದ ಮಾಜಿ ಸದಸ್ಯ

ಉಪಾಧ್ಯಕ್ಷರೇ, ನಿಮ್ಮ ಆಸೆ ಒಳ್ಳೆಯದು, ಆದರೆ ರೆಸಾರ್ಟ್ ಬೇಡ. ನಾನು ಸದಸ್ಯನಾಗಿದ್ದಾಗ ಒಂದು ಖಾಸಗಿ ತರಬೇತಿ ಸಂಸ್ಥೆಯನ್ನು ನಂಬಿ ಸಮುದ್ರದಂಡೆಯ ರೆಸಾರ್ಟ್ ಒಂದರಲ್ಲಿ ಎರಡು ದಿನ ಉಳಿದಿದ್ದೆವು. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಪರದೆಯ ಮೇಲೆ ಪಾಠ ನಡೆಯಿತು. ಎರಡನೆಯ ದಿನ ಚೆಂಡು ಎಸೆಯುವ ಆಟ ಆಡಿಸಿ, ಕೊನೆಗೆ ಮೂರು ಚಾರ್ಟ್ ಹಾಳೆಗಳ ಮೇಲೆ ಮೂವತ್ತೆರಡು ಗುರಿಗಳನ್ನು ಬರೆಸಿದರು. ಊರಿಗೆ ಬಂದು ಆ ಹಾಳೆಗಳನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆವು. ಮಳೆಗಾಲ ಕಳೆದು ತೆಗೆದು ನೋಡಿದರೆ ಗೆದ್ದಲು ಹಿಡಿದಿತ್ತು. ಮೂವತ್ತೆರಡರಲ್ಲಿ ಒಂದಕ್ಕೂ ಹೊಣೆ ಹೊತ್ತವರ ಹೆಸರಿರಲಿಲ್ಲ, ತಾರೀಕಿರಲಿಲ್ಲ. ಆ ಖರ್ಚಿನ ಬಗ್ಗೆ ಊರಿನವರು ಗ್ರಾಮಸಭೆಯಲ್ಲಿ ಈಗಲೂ ಕೇಳುತ್ತಾರೆ, ಅವರು ಕೇಳುವುದು ನ್ಯಾಯವೇ ಆಗಿದೆ.

ಕಾರವಾರದ ಓದುಗ

ಎಲ್ಲಿ ಎಂಬುದಕ್ಕಿಂತ ಯಾವಾಗ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಕರಾವಳಿಯಲ್ಲಿ ಹದಿನೈದು ಜನರಿಗೆ ಒಟ್ಟಿಗೆ ಬಿಡುವಿರುವ ಎರಡು ದಿನ ಸಿಗುವುದೇ ಕಷ್ಟ.

ತದಡಿಯ ಬೋಟಿನವ

ಹಾಗಾದರೆ ಜುಲೈ ತಿಂಗಳೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ, ನಮ್ಮ ಕಡೆಯ ಸದಸ್ಯರು ಮನೆಯಲ್ಲಿಯೇ ಇರುತ್ತಾರೆ. ಆಗಸ್ಟ್ ಬಂತೆಂದರೆ ಹಂಗಾಮಿನ ಆರಂಭ, ಆಗ ಯಾವ ಶಿಬಿರಕ್ಕೆ ಕರೆದರೂ ನಮ್ಮವರು ಬರುವುದಿಲ್ಲ.

ಅಂಕೋಲಾದ ನಿವೃತ್ತ ಕಾರ್ಯದರ್ಶಿ

ಬೋಟಿನವರ ಮಾತನ್ನು ಗೌರವಿಸುತ್ತೇನೆ, ಆದರೆ ಜುಲೈ ತಿಂಗಳನ್ನು ನಾನು ಒಪ್ಪುವುದಿಲ್ಲ. ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ಮಣ್ಣು ಹರಿದದ್ದು 2024ರ ಜುಲೈ 16ರಂದು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭೂಮಿ ಕುಸಿದದ್ದು 2021ರ ಜುಲೈ ತಿಂಗಳಲ್ಲಿ. ಇಂಥ ತಿಂಗಳಲ್ಲಿ ಪಂಚಾಯತದ ಹದಿನೈದು ಸದಸ್ಯರೂ ಊರು ಬಿಟ್ಟು ಬೇರೆಡೆ ಕೂರುವುದು ಸರಿಯಲ್ಲ, ಅವರು ತಮ್ಮ ವಾರ್ಡಿನಲ್ಲಿಯೇ ಇರಬೇಕು. ಸಾಲದ್ದಕ್ಕೆ ನಾಟಿಯ ಕೆಲಸವೂ ಆಗಲೇ.

ಚೌತಿ ಕಳೆದು ನವರಾತ್ರಿ ಬರುವುದರೊಳಗೆ ಸಿಗುವ ವಾರಗಳನ್ನು ನೋಡಿ. ಮಳೆಯ ಜೋರು ತಗ್ಗಿರುತ್ತದೆ, ಭತ್ತದ ಕೊಯ್ಲು ಶುರುವಾಗಿರುವುದಿಲ್ಲ, ಅಡಿಕೆಯ ಕೊಯ್ಲಿಗೂ ಸಮಯವಿರುತ್ತದೆ. ಮುಖ್ಯ ಕಾರಣ ಇನ್ನೊಂದಿದೆ. ಮುಂದಿನ ವರ್ಷದ ಗ್ರಾಮ ಪಂಚಾಯತ ಅಭಿವೃದ್ಧಿ ಯೋಜನೆಯನ್ನು ಜನರೊಂದಿಗೆ ಕೂತು ಸಿದ್ಧಪಡಿಸುವ ಅಭಿಯಾನ 2018ರಿಂದ ಅಕ್ಟೋಬರ್ 2ರ ಹೊತ್ತಿಗೆ ಆರಂಭವಾಗುವ ವಾಡಿಕೆಯಿದೆ. ಸದಸ್ಯರು ಅದಕ್ಕೆ ಮೊದಲೇ ಒಂದು ಮಾತಿಗೆ ಬಂದಿದ್ದರೆ ವಾರ್ಡ್ ಸಭೆಯಲ್ಲಿ ಜನರ ಮುಂದೆ ಸ್ಪಷ್ಟವಾಗಿ ಮಾತಾಡಬಹುದು. ಅಭಿಯಾನ ಮುಗಿದ ಮೇಲೆ ಶಿಬಿರ ಮಾಡಿದರೆ ಆ ವರ್ಷದ ಯೋಜನೆಗೆ ಅದರಿಂದ ಏನೂ ಪ್ರಯೋಜನವಾಗದು.

ತದಡಿಯ ಬೋಟಿನವ

ಶಿರೂರಿನ ಮಾತು ಬಂದ ಮೇಲೆ ನಾನು ವಾದಿಸುವುದಿಲ್ಲ. ಹೇಗೂ ಚೌತಿಗೆ ಎಲ್ಲರೂ ದಡಕ್ಕೆ ಬರುತ್ತಾರೆ. ಹಬ್ಬದ ಬೆನ್ನಿಗೇ ದಿನ ಗೊತ್ತುಮಾಡಿ, ಒಂದು ತಿಂಗಳು ಮೊದಲೇ ತಿಳಿಸಿದರೆ ಬೋಟಿನ ತಂಡದವರು ಬದಲಿ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.

ಹಳಿಯಾಳದ ಯುವ ಸದಸ್ಯ

ಖರ್ಚನ್ನು 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಹಾಕಲು ಬರುತ್ತಿತ್ತೇ? ಎರಡನೆಯ ದಿನ ಸಂಜೆ ಅಲ್ಲಿಯೇ ಠರಾವು ಬರೆದು ಎಲ್ಲರ ಸಹಿ ತೆಗೆದುಕೊಂಡುಬಿಟ್ಟರೆ ಹಿಂದೆ ಸರಿಯಲು ಯಾರಿಗೂ ಅವಕಾಶವಿರುವುದಿಲ್ಲ ಎಂದು ನನ್ನ ಅಭಿಪ್ರಾಯ.

ಅಂಕೋಲಾದ ನಿವೃತ್ತ ಕಾರ್ಯದರ್ಶಿ

ಎರಡೂ ತಪ್ಪು, ತಮ್ಮಾ. ಆ ಅನುದಾನದಲ್ಲಿ 60 ಪ್ರತಿಶತ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ 40 ಪ್ರತಿಶತವೂ ಸ್ಥಳೀಯ ಅಗತ್ಯಗಳಿಗೆಂದೇ ಇತ್ತು, ಸಂಬಳಕ್ಕೆ ಮತ್ತು ಕಚೇರಿಯ ಖರ್ಚಿಗೆ ಅದನ್ನು ಬಳಸುವಂತಿರಲಿಲ್ಲ. ಅಂಥ ಹಣದಿಂದ ಸದಸ್ಯರ ಊಟ-ವಸತಿ ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ವಸೂಲಿಗೂ ಬರೆಯಬಹುದು. ಚುನಾಯಿತ ಪ್ರತಿನಿಧಿಗಳ ತರಬೇತಿಗೆಂದೇ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನವಿದೆ. ಅದರಲ್ಲಿ ಅವಕಾಶವಿದೆಯೇ ಎಂದು ತಾಲೂಕು ಪಂಚಾಯತದಲ್ಲಿ ಲಿಖಿತವಾಗಿ ಕೇಳಿ. ಇಲ್ಲವೆಂದರೆ ಸ್ವಂತ ಸಂಪನ್ಮೂಲದಿಂದ, ಮೊದಲೇ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಸಣ್ಣ ಮೊತ್ತದಲ್ಲಿ ಮುಗಿಸಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ.

ಇನ್ನು ಶಿಬಿರ ಎಂಬುದು ಕಾಯ್ದೆಯ ಪ್ರಕಾರ ಕರೆದ ಸಭೆಯಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ನೋಟಿಸು, ವಿಷಯಪಟ್ಟಿ, ಕೋರಂ ಇವೆಲ್ಲ ಇದ್ದು ನಡೆದ ಸಭೆಯ ತೀರ್ಮಾನವೇ ತೀರ್ಮಾನ. ಶಿಬಿರದಲ್ಲಿ ಬರೆದದ್ದು ಟಿಪ್ಪಣಿ ಮಾತ್ರ. ಅದನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿ, ಅಲ್ಲಿ ಚರ್ಚಿಸಿ ಠರಾವು ಮಾಡಬೇಕು. ಸಹಿ ಹಾಕಿಸಿ ಕಟ್ಟಿಹಾಕುವ ಯೋಚನೆ ಮಾತ್ರ ಬಿಟ್ಟುಬಿಡಿ, ಅದರಿಂದ ಒಗ್ಗಟ್ಟು ಬರುವುದಿಲ್ಲ.

ಹಳಿಯಾಳದ ಯುವ ಸದಸ್ಯ

ತಿದ್ದಿದ್ದಕ್ಕೆ ಧನ್ಯವಾದಗಳು, ನನಗೆ ಈ ವ್ಯತ್ಯಾಸ ತಿಳಿದಿರಲಿಲ್ಲ.

ಸಿದ್ದಾಪುರದ ಮಾಜಿ ಅಧ್ಯಕ್ಷೆ

ತಂಗಿ, ನಿನ್ನ ಹದಿನೈದರಲ್ಲಿ ಎಂಟು ಹೆಂಗಸರು ಎಂದು ಬರೆದಿದ್ದೀಯಲ್ಲ, ಆ ಎಂಟು ಜನ ಬಾಯಿ ಬಿಟ್ಟು ಮಾತಾಡುತ್ತಾರೋ ಇಲ್ಲವೋ ಎಂಬುದರ ಮೇಲೆ ಶಿಬಿರದ ಫಲ ನಿಂತಿದೆ. ನಾನು ಅಧ್ಯಕ್ಷೆಯಾದ ಮೊದಲ ಆರು ತಿಂಗಳು ಸಭೆಯ ಬಾಗಿಲಲ್ಲಿ ನನ್ನ ಯಜಮಾನರು ಗಾಡಿಯ ಕೀಲಿ ಹಿಡಿದು ನಿಂತಿರುತ್ತಿದ್ದರು. ಅವರು ಕೆಟ್ಟವರಲ್ಲ, ನಾನು ಎಲ್ಲಿ ತಪ್ಪು ಮಾತಾಡುತ್ತೇನೋ ಎಂಬ ಚಿಂತೆ ಅವರಿಗೆ. ಆದರೆ ಯಾರಾದರೂ ನನ್ನನ್ನು ಪ್ರಶ್ನೆ ಕೇಳಿದರೆ ಸಭೆಯಲ್ಲಿದ್ದವರ ಕಣ್ಣೆಲ್ಲ ಬಾಗಿಲ ಕಡೆಗೆ ತಿರುಗುತ್ತಿತ್ತು, ನನ್ನದೂ ತಿರುಗುತ್ತಿತ್ತು. ಒಂದು ತರಬೇತಿಯಲ್ಲಿ ಗಂಡಂದಿರನ್ನು ಊಟದ ಹೊತ್ತಿನವರೆಗೆ ಆವರಣದ ಒಳಗೇ ಬಿಡಲಿಲ್ಲ. ಅಂದು ನಮ್ಮ ಪಂಚಾಯತದ ಒಬ್ಬ ಸದಸ್ಯೆ, ಅದುವರೆಗೆ ಸಹಿ ಹಾಕಿ ಹೋಗುತ್ತಿದ್ದವಳು, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ದಿನಗಳಲ್ಲಿ ತನ್ನ ಕೇರಿಯ ಹೆಂಗಸರು ದರಕು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗಲು ಹೆದರಿ ಹೇಗೆ ಕಳೆದರು ಎಂಬುದನ್ನು ಇಪ್ಪತ್ತು ನಿಮಿಷ ಹೇಳಿದಳು. ನಾವು ಯಾರೂ ಅದನ್ನು ಅದುವರೆಗೆ ಕೇಳಿರಲೇ ಇಲ್ಲ.

ಎರಡನೆಯ ಮಾತು ರಾತ್ರಿಯ ವಾಸ್ತವ್ಯದ್ದು. ಎಳೆ ಮಗು ಇರುವವರು, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹಸು ಇರುವವರು, ಹಾಸಿಗೆ ಹಿಡಿದ ಅತ್ತೆ-ಮಾವ ಇರುವವರು ಒಂದು ರಾತ್ರಿಯೂ ಮನೆ ಬಿಡಲಾರರು. ದೂರದ ಜಾಗ ಹಿಡಿದರೆ ಮೊದಲು ತಪ್ಪಿಹೋಗುವವರು ಇವರೇ.

ಯಲ್ಲಾಪುರದ ಮಾಜಿ ಸದಸ್ಯ

ರಾತ್ರಿ ಒಟ್ಟಿಗೆ ಉಳಿದು, ಊಟ ಮುಗಿಸಿ ಹರಟುವಾಗಲೇ ಮನಸ್ಸು ಬಿಚ್ಚಿಕೊಳ್ಳುವುದು ಎಂಬುದನ್ನು ಮರೆಯಬಾರದು. ನಮ್ಮ ಆ ಶಿಬಿರದಲ್ಲಿ ಉಪಯೋಗಕ್ಕೆ ಬಂದದ್ದೆಂದರೆ ರಾತ್ರಿಯ ಆ ಎರಡು ತಾಸು ಮಾತ್ರ.

ಸಿದ್ದಾಪುರದ ಮಾಜಿ ಅಧ್ಯಕ್ಷೆ

ಅಣ್ಣಾ, ಆ ಎರಡು ತಾಸಿನಲ್ಲಿ ನಿಮ್ಮೊಂದಿಗೆ ಎಷ್ಟು ಮಂದಿ ಸದಸ್ಯೆಯರು ಕೂತಿದ್ದರು ಎಂದು ನೆನಪು ಮಾಡಿಕೊಂಡು ಹೇಳಿ.

ಯಲ್ಲಾಪುರದ ಮಾಜಿ ಸದಸ್ಯ

ಒಬ್ಬರೂ ಇರಲಿಲ್ಲ. ನಿಮ್ಮ ಮಾತು ಸರಿ.

ಶಿರಸಿಯ ಸುಗಮಕಾರ

ನಾನು ಕೆಲವು ವರ್ಷಗಳಿಂದ ಪಂಚಾಯತ ತರಬೇತಿಗಳಲ್ಲಿ ಸುಗಮಕಾರನಾಗಿ ಕೆಲಸ ಮಾಡುತ್ತಿದ್ದೇನೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ಕಲಿತದ್ದು ಸ್ವಲ್ಪ, ಸದಸ್ಯರಿಂದಲೇ ಕಲಿತದ್ದು ಹೆಚ್ಚು. ನಾನು ಕಂಡಂತೆ ಶಿಬಿರದ ಅರ್ಧ ಕೆಲಸ ಶಿಬಿರಕ್ಕೆ ಮೊದಲೇ ಮುಗಿಯಬೇಕು. ನಡೆಸಿಕೊಡುವವರು ಹದಿನೈದು ಸದಸ್ಯರ ಮನೆಗೂ ಹೋಗಿ, ಒಬ್ಬೊಬ್ಬರೊಂದಿಗೂ ಅರ್ಧ ತಾಸು ಬೇರೆಯಾಗಿ ಕೂತು, ನಿಮ್ಮ ಅವಧಿ ಮುಗಿದ ದಿನ ಊರಿನಲ್ಲಿ ಯಾವುದು ಬದಲಾಗಿರಬೇಕು ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು. ಎರಡೂ ಬಣದವರ ಉತ್ತರಗಳನ್ನು ಹೆಸರಿಲ್ಲದೆ ಬರೆದು ಮೊದಲ ದಿನ ಗೋಡೆಗೆ ಅಂಟಿಸಿದರೆ, ಯಾವುದು ಯಾರದೆಂದು ಗುರುತಿಸಲಾಗದಷ್ಟು ಹೋಲಿಕೆ ಇರುವುದನ್ನು ಅವರೇ ಕಾಣುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕುರ್ಚಿ-ಮೇಜು ತೆಗೆಸಿ ಜಮಖಾನೆ ಹಾಸಿ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕಾಶೆಯನ್ನು ಸದಸ್ಯರಿಂದಲೇ ಬಿಡಿಸಿ. ಓದು ಬರಹ ಕಡಿಮೆ ಇರುವವರು ಕಾಗದ ಕಂಡರೆ ಹಿಂಜರಿಯುತ್ತಾರೆ, ರಂಗೋಲಿ ಕಂಡರೆ ಮುಂದೆ ಬರುತ್ತಾರೆ. ಹಳ್ಳ, ಬಾವಿ, ಅಂಗನವಾಡಿ, ಮಳೆಗಾಲದಲ್ಲಿ ನೀರು ನುಗ್ಗುವ ಮನೆಗಳು ಎಲ್ಲವನ್ನೂ ಗುರುತಿಸಲಿ. ವಾರ್ಡಿನ ಗಡಿಗೆರೆ ಮಾತ್ರ ಎಳೆಯುವುದು ಬೇಡ, ಬಾವಿಯ ಉಪ್ಪುನೀರು ಆ ಗೆರೆಯನ್ನು ಕೇಳಿ ಬರುವುದಿಲ್ಲ.

ಗುರಿಗಳು ಮೂರು ಸಾಕು, ನಾಲ್ಕನೆಯದು ಬೇಡ. ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಪಂಚಾಯತಗಳಿಗಾಗಿ 9 ವಿಷಯಗಳನ್ನಾಗಿ ಜೋಡಿಸಿದ್ದಾರೆ. ಒಂಬತ್ತನ್ನೂ ಹಿಡಿಯಲು ಹೋಗಬೇಡಿ, ನಿಮ್ಮ ಊರಿಗೆ ಹೊಂದುವ ಒಂದೆರಡನ್ನು ಆರಿಸಿಕೊಳ್ಳಿ. ಗುರಿಯನ್ನು ಬರೆಯುವಾಗ ಎಷ್ಟು ಮನೆ, ಯಾವ ತಿಂಗಳೊಳಗೆ, ಯಾರ ಹೊಣೆ ಎಂಬ ಮೂರು ಮಾತು ಅದರಲ್ಲಿರಬೇಕು. ಎಲ್ಲರಿಗೂ ನೀರು ಎಂದು ಬರೆದರೆ ಅದು ಭಾಷಣವಾಗುತ್ತದೆ. ಜಲ ಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್ ನೀರು. ನಲ್ಲಿ ಕೂರಿಸಿದ ಲೆಕ್ಕವನ್ನು ಬಿಟ್ಟು, ಬರುವ ಮೇ ತಿಂಗಳಲ್ಲಿ ಇಂತಿಷ್ಟು ಮನೆಗಳ ನಲ್ಲಿಯಲ್ಲಿ ಆ ಪ್ರಮಾಣದ ಸಿಹಿನೀರು ಬರಬೇಕು ಎಂದು ಬರೆಯಿರಿ. ಅದನ್ನು ಅಳೆಯಬಹುದು, ತಪ್ಪಿದರೆ ತಪ್ಪಿತೆಂದು ಹೇಳಬಹುದು.

ಜೋಯಿಡಾದ ಪಿಡಿಒ

ಸುಗಮಕಾರರು ಸಿಬ್ಬಂದಿಯ ವಿಷಯವನ್ನೇ ಬಿಟ್ಟಿದ್ದಾರೆ. ಪಿಡಿಒ, ಅಂದರೆ ಪಂಚಾಯತ ಅಭಿವೃದ್ಧಿ ಅಧಿಕಾರಿ, ಇಲ್ಲದೆ ಗುರಿ ಗೊತ್ತುಮಾಡಿದರೆ ಅನುದಾನ, ನಿಯಮ, ತಂತ್ರಾಂಶದ ಮಿತಿ ಇವೆಲ್ಲ ಆಮೇಲೆ ಅಡ್ಡ ಬಂದು, ಪಿಡಿಒ ಅವರೇ ಅಡ್ಡಗಾಲು ಹಾಕಿದರು ಎಂಬ ಮಾತು ಬರುತ್ತದೆ. ನಾನು ಈ ಮಾತನ್ನು ಕೇಳಿ ನೊಂದಿದ್ದೇನೆ. ನಮ್ಮನ್ನು ಎರಡೂ ದಿನ ಕೂರಿಸಿಕೊಳ್ಳಿ.

ಶಿರಸಿಯ ಸುಗಮಕಾರ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೂ ಮೊದಲ ದಿನದ ಮುಂಜಾನೆ ಸದಸ್ಯರು ಮಾತ್ರ ಇರಲಿ, ಪಿಡಿಒ ಮಧ್ಯಾಹ್ನದಿಂದ ಸೇರಲಿ ಎಂದು ನನ್ನ ಅನುಭವ ಹೇಳುತ್ತದೆ. ಅಧಿಕಾರಿ ಎದುರಿಗಿದ್ದರೆ ಸದಸ್ಯರು ಮಾತನ್ನೆಲ್ಲ ಅವರ ಕಡೆಗೇ ತಿರುಗಿಸುತ್ತಾರೆ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

ಜೋಯಿಡಾದ ಪಿಡಿಒ

ಅರ್ಧ ದಿನ ಎಂದಾದರೆ ಒಪ್ಪಬಹುದು. ಆದರೆ ನೀರುಗಂಟಿಯನ್ನು ಮತ್ತು ಬಿಲ್ ಕಲೆಕ್ಟರನ್ನು ಒಂದೊಂದು ತಾಸು ಕರೆಯಲೇಬೇಕು. ನಮ್ಮ ನೀರುಗಂಟಿ ಯಾವ ವಾಲ್ವನ್ನು ಎಷ್ಟು ಹೊತ್ತಿಗೆ ತಿರುಗಿಸಿದ, ಯಾವ ಮನೆಯವರು ಏನೆಂದರು ಎಂಬುದನ್ನೆಲ್ಲ ಹಾಲಿನ ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿಟ್ಟ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ವರದಿಯಲ್ಲೂ ಸಿಗದ ಸತ್ಯ ಆ ಪುಸ್ತಕದಲ್ಲಿದೆ.

ಬಾಗಿಲ ಬದಿಯವ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಉಪಾಧ್ಯಕ್ಷರೇ, ನೀವು ಹೇಳಿದ ಬಾಗಿಲ ಬದಿಯ ಏಳು ಜನರಲ್ಲಿ ನಾನೂ ಒಬ್ಬ. ಇಂಥ ಶಿಬಿರದ ಯೋಚನೆ ನಡೆದಿದೆ ಎಂಬುದು ನನಗೆ ಇಲ್ಲಿ ಓದಿಯೇ ತಿಳಿಯಿತು. ಅಧ್ಯಕ್ಷರೂ ನೀವೂ ಮಾತಾಡಿಕೊಂಡಿರಿ, ಜಾಗದ ಬಗ್ಗೆ ನಿಮ್ಮ ಕಡೆಯವರನ್ನು ಕೇಳಿದಿರಿ. ಎಲ್ಲ ಗೊತ್ತುಮಾಡಿದ ಮೇಲೆ ನಮಗೆ ನೋಟಿಸು ಬಂದಿದ್ದರೆ ನಾವು ಏಳು ಜನರೂ ಬರುತ್ತಿರಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ನಮಗೆ ಶಿಬಿರ ಬೇಡವೆಂದಲ್ಲ. ಕಟ್ಟಿ ಮುಗಿಸಿದ ಚಪ್ಪರಕ್ಕೆ ಊಟಕ್ಕೆ ಕರೆಯುವುದು ಬೇರೆ, ಕಂಬ ನೆಡುವಾಗಲೇ ಕರೆಯುವುದು ಬೇರೆ.

ಅಘನಾಶಿನಿ ದಡದವಳು

ಅಣ್ಣಾ, ತಪ್ಪು ನನ್ನದು. ಒಗ್ಗಟ್ಟಿನ ಬಗ್ಗೆ ಊರಿನ ಹೊರಗಿನವರನ್ನೆಲ್ಲ ಕೇಳಿ, ಎದುರಿಗೇ ಕೂರುವ ನಿಮ್ಮನ್ನು ಕೇಳಲಿಲ್ಲ. ನಾಳೆಯೇ ಫೋನ್ ಮಾಡುತ್ತೇನೆ. ಸಿದ್ಧತೆಯ ಸಮಿತಿಯಲ್ಲಿ ನಿಮ್ಮ ಕಡೆಯಿಂದ ಇಬ್ಬರು, ನಮ್ಮ ಕಡೆಯಿಂದ ಇಬ್ಬರು ಇರಲಿ, ಜಾಗವನ್ನೂ ನಡೆಸಿಕೊಡುವವರನ್ನೂ ಆ ನಾಲ್ವರೇ ಆರಿಸಲಿ.

ಬಾಗಿಲ ಬದಿಯವ

ಹಾಗಾದರೆ ನಾನು ಬರುತ್ತೇನೆ.

ಮಾಣಿಕಟ್ಟಾ ಕಡೆಯ ರೈತ

ಜಾಗದ ಬಗ್ಗೆ ನನ್ನದೊಂದು ಮಾತು. ನಿಮ್ಮದು ಅಘನಾಶಿನಿ ದಡವಾದರೆ ಗಜನಿ ಭೂಮಿ, ಅಂದರೆ ಉಪ್ಪುನೀರು ಏರಿಳಿಯುವ ಕಡೆ ಒಡ್ಡು ಕಟ್ಟಿ ಮಾಡಿದ ಗದ್ದೆಬಯಲು, ಇದ್ದೇ ಇರುತ್ತದೆ. ಕೂರುವ ಮೊದಲು ಹದಿನೈದು ಜನರೂ ಚಪ್ಪಲಿ ಕೈಯಲ್ಲಿ ಹಿಡಿದು ಒಡ್ಡಿನ ಮೇಲೆ ಒಮ್ಮೆ ನಡೆಯಿರಿ. ನಮ್ಮ ಹಿರಿಯರು ಈ ಒಡ್ಡನ್ನು ಒಬ್ಬೊಬ್ಬರ ಗದ್ದೆಗೆ ಒಂದೊಂದರಂತೆ ಕಟ್ಟಲಿಲ್ಲ. ಒಂದು ಕಡೆ ಏಡಿ ಕೊರೆದ ತೂತು ದೊಡ್ಡದಾದರೆ ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ, ಆಗ ಉಪ್ಪು ತಡೆಯುವ ಕಗ್ಗ ಭತ್ತವೂ ಉಳಿಯದು. ಆದ್ದರಿಂದಲೇ ಒಡ್ಡಿಗೆ ಮಣ್ಣು ಹಾಕುವುದು, ತೂಬಿನ ಹಲಗೆ ಏರಿಸುವುದು, ಇಳಿಸುವುದು ಎಲ್ಲವೂ ಎಲ್ಲರ ಕೆಲಸವಾಗಿತ್ತು.

ಹಿಂದೊಮ್ಮೆ ನಮ್ಮ ಕಡೆ ಜಗಳವಾಡುತ್ತಿದ್ದ ಇಬ್ಬರು ಸದಸ್ಯರನ್ನು ನಾನೇ ಒಡ್ಡಿಗೆ ಕರೆದುಕೊಂಡು ಹೋಗಿದ್ದೆ. ತೂಬಿನ ಹಲಗೆಯೊಂದು ಹುಳು ಕೊರೆದು ಜರಡಿಯಾಗಿತ್ತು, ಬೆರಳಿಟ್ಟರೆ ಪುಡಿಯಾಗಿ ಉದುರುತ್ತಿತ್ತು. ಒಬ್ಬರು ಹಲಗೆಯ ಉದ್ದವನ್ನು ಗೇಣಿನಿಂದ ಅಳೆಯತೊಡಗಿದರು. ಇನ್ನೊಬ್ಬರು ತಮ್ಮ ಮನೆಯಲ್ಲಿ ಬೋಗಿಮರದ ಹಲಗೆ ಇದೆ ಎಂದರು. ಅಂದಿನ ಮಾತು ಅಷ್ಟೇ, ಆದರೆ ಅದು ಅವರು ಆ ವರ್ಷ ಕೂಡಿ ಆಡಿದ ಮೊದಲ ಮಾತಾಗಿತ್ತು.

ಸಾಲ್ಕಣಿ ನೆಂಟ

ರೈತರು ಹೇಳಿದ್ದು ನಿಜ, ನಮ್ಮ ಜಿಲ್ಲೆಯವರು ಮೊದಲಿನಿಂದಲೂ ನಡೆದು ನೋಡಿ ತೀರ್ಮಾನಿಸಿದವರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡದ್ದರಿಂದಲೇ ಅಪ್ಪಿಕೋ ಚಳವಳಿ ಹುಟ್ಟಿತು.

ಕಾರವಾರದ ಓದುಗ

ಕೇರಳದಲ್ಲಿ 1996ರ ಜನಯೋಜನೆಯ ಹೊತ್ತಿಗೆ ಸದಸ್ಯರಿಗೆ ಕೊಟ್ಟ ತರಬೇತಿಯನ್ನೂ ನೋಡಬಹುದು. ಅಲ್ಲಿನ ಗ್ರಾಮ ಪಂಚಾಯತ ನಮ್ಮದಕ್ಕಿಂತ ಹಲವು ಪಟ್ಟು ದೊಡ್ಡದು, ಕೈಯಲ್ಲಿರುವ ಹಣವೂ ಹೆಚ್ಚು. ಆದ್ದರಿಂದ ಅವರ ಗುರಿಗಳನ್ನು ಎತ್ತಿಕೊಳ್ಳಬೇಡಿ, ಜನರನ್ನು ಕೇಳಿ ಯೋಜನೆ ಬರೆಯುವ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ. ಇನ್ನೊಂದು ಮಾತು: ಮನೆಯಲ್ಲಿ ಕೊಂಕಣಿ ಆಡುವ ಸದಸ್ಯರಿದ್ದರೆ ಅವರಿಗೆ ತೋಚಿದ ಭಾಷೆಯಲ್ಲಿ ಮಾತಾಡಲು ಬಿಡಿ, ಪಕ್ಕದವರು ಕನ್ನಡದಲ್ಲಿ ಹೇಳಿದರಾಯಿತು.

ಅಂಕೋಲಾದ ನಿವೃತ್ತ ಕಾರ್ಯದರ್ಶಿ

ಮೂರು ಗುರಿಗಳಲ್ಲಿ ಒಂದು ಮಳೆಗಾಲದ ಸಿದ್ಧತೆಯದ್ದಾಗಿರಲಿ ಎಂದು ಕೈಮುಗಿದು ಕೇಳುತ್ತೇನೆ. 2019ರ ಆಗಸ್ಟಿನಲ್ಲಿ ಗಂಗಾವಳಿಯ ನೀರು ಮನೆಗಳಿಗೆ ನುಗ್ಗಿದಾಗ ಯಾವ ಮನೆಯಲ್ಲಿ ನಡೆಯಲಾಗದ ಮುದುಕರಿದ್ದಾರೆ, ಯಾರಲ್ಲಿ ದೋಣಿಯಿದೆ, ನೆರೆ ಸಂತ್ರಸ್ತರ ಕಾಳಜಿ ಕೇಂದ್ರಕ್ಕೆ ದೊಡ್ಡ ಪಾತ್ರೆ ಎಲ್ಲಿಂದ ತರಬೇಕು ಎಂಬುದನ್ನು ರಾತ್ರಿಯಲ್ಲಿ ಬ್ಯಾಟರಿ ಹಿಡಿದು ಹುಡುಕಿದ್ದೇವೆ. ವಾರ್ಡಿಗೆ ಒಂದು ಹಾಳೆಯ ಪಟ್ಟಿ ಇದ್ದಿದ್ದರೆ ಸಾಕಿತ್ತು. ಇದಕ್ಕೆ ಅನುದಾನ ಬೇಡ. ಹದಿನೈದು ಸದಸ್ಯರು ತಮ್ಮ ವಾರ್ಡನ್ನು ಸುತ್ತಿ ಬರೆದರೆ ಮುಗಿಯಿತು, ಮೊದಲ ಗುರಿಯನ್ನು ಮುಟ್ಟಿದ ಧೈರ್ಯವೂ ಎರಡೂ ಬಣಕ್ಕೆ ಒಟ್ಟಿಗೆ ಬರುತ್ತದೆ.

ಅಘನಾಶಿನಿ ದಡದವಳು

ನಾವು ನಾಲ್ವರು ನಿನ್ನೆ ಕೂತಿದ್ದೆವು. ರೆಸಾರ್ಟ್ ಕೈಬಿಟ್ಟಿದ್ದೇವೆ. ಚೌತಿ ಕಳೆದ ಮುಂದಿನ ವಾರ ಎರಡು ಹಗಲು, ನಮ್ಮದೇ ಊರಿನ ಶಾಲೆಯ ಸಭಾಂಗಣದಲ್ಲಿ. ರಾತ್ರಿ ಅವರವರ ಮನೆಗೆ, ಆದರೆ ಮೊದಲ ದಿನದ ಸಂಜೆ ಊಟ ಎಲ್ಲರಿಗೂ ಒಟ್ಟಿಗೆ, ಎಂಟು ಗಂಟೆಯೊಳಗೆ. ಅಡುಗೆಯನ್ನು ಸ್ವಸಹಾಯ ಸಂಘದವರಿಗೆ ವಹಿಸಿದ್ದೇವೆ. ಮಕ್ಕಳನ್ನು ಅಂಗನವಾಡಿಯ ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳಲು ಇಬ್ಬರು ಒಪ್ಪಿದ್ದಾರೆ. ಗಂಡಂದಿರಿಗೆ ಊಟದ ಹೊತ್ತಿಗೆ ಮಾತ್ರ ಆಹ್ವಾನ. ಬೆಳಿಗ್ಗೆ ಒಡ್ಡಿನ ನಡಿಗೆ, ಆಮೇಲೆ ರಂಗೋಲಿ ನಕಾಶೆ. ಪಿಡಿಒ ಮಧ್ಯಾಹ್ನದಿಂದ, ನೀರುಗಂಟಿ ಎರಡನೆಯ ದಿನ ಹತ್ತು ಗಂಟೆಗೆ ತಮ್ಮ ಪುಸ್ತಕದೊಂದಿಗೆ. ಶಿರಸಿಯ ಸುಗಮಕಾರರು ಬರಲು ಒಪ್ಪಿದರೆ ಅವರು ಮನೆಮನೆಗೆ ಹೋಗಲು ಗಾಡಿಯ ವ್ಯವಸ್ಥೆ ಮಾಡುತ್ತೇವೆ.

ಶಿರಸಿಯ ಸುಗಮಕಾರ

ಬರುತ್ತೇನೆ. ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಬರುತ್ತೇನೆ, ಗಾಡಿ ಊರೊಳಗೆ ಮಾತ್ರ ಸಾಕು. ಮೊದಲ ಭೇಟಿ ಬಾಗಿಲ ಬದಿಯವರ ಮನೆಗಳಿಂದ ಶುರುವಾಗಲಿ.

ಬಾಗಿಲ ಬದಿಯವ

ನಡಿಗೆಯ ದಿನ ಆರಿಸುವಾಗ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಬೇಡ, ಆಗ ಭರತಿ, ಅಂದರೆ ನೀರಿನ ಉಬ್ಬರ, ಜೋರು. ಉಳಿದ ದಿನಗಳಲ್ಲಿ ನೀರು ಇಳಿಯುವ ಹೊತ್ತನ್ನು ನಾನು ನೋಡಿ ಹೇಳುತ್ತೇನೆ. ಒಡ್ಡಿನ ಮೂಡುಗಡೆಯ ಎರಡನೆಯ ತೂಬಿನ ಹತ್ತಿರ ಕಾಲು ಜಾರುತ್ತದೆ, ಹಿರಿಯರಿಗೆ ಹಿಡಿದುಕೊಳ್ಳಲು ನಾಲ್ಕು ಬಿದಿರಿನ ಕೋಲುಗಳನ್ನು ನಾನು ತರುತ್ತೇನೆ.